ಬಳೆ ಸದ್ದಿನ ಕಳವು

ಅಯೂಬನ ಮನೆಯಲ್ಲಿ ಕಳವಾಗಿದೆ ಎಂದು ನಮಗೆ ತಿಳಿದದ್ದು ಶುಕ್ರವಾರ ಬೆಳಿಗ್ಗೆ. ಬೀಗ ಮುರಿದಿರಲಿಲ್ಲ. ಮೇಜಿನ ಮೇಲಿನ ಇಯರ್‌ಫೋನುಗಳಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಕಂಪ್ಯೂಟರು ಇದ್ದಲ್ಲೇ ಇತ್ತು. ಹೋದದ್ದು ಬಳೆಗಳ ಸದ್ದು.

ಹೌದು, ಬರೀ ಸದ್ದು. ಕೇಳಿದಾಗ ನನಗೂ ನಗು ಬರುವುದರಲ್ಲಿತ್ತು. ಆದರೆ ಅಯೂಬ ಸಂಗಯ್ಯನವರ ಕಟ್ಟೆಯ ಮೇಲೆ ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ಐವತ್ತು ದಾಟಿದ ಗಂಡಸು, ಹಾಲಿನವನು ಓಡಾಡುವ ಹೊತ್ತಿನಲ್ಲಿ, ಬೀದಿಗೆ ಮುಖ ಮಾಡಿ ಹಾಗೆ ಅಳುತ್ತಿದ್ದರೆ ಯಾರು ನಗುತ್ತಾರೆ?

"ಸಾಹೇಬ್ರ, ನನ್ನ ನರ್ಗೀಸನ ಬಳಿ ಸದ್ದು ಯಾರೋ ಕದ್ದಾರ್ರಿ," ಎಂದ.

ಸಂಗಯ್ಯನವರು ಪಿಎಸ್‌ಐ ಆಗಿ ನಿವೃತ್ತರಾದವರು. ನಾನು ಅವರ ಪಕ್ಕದ ಮನೆಯವನು, ಅಮರೇಶ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಈಗ ಪೆನ್ಶನ್ ಉಣ್ಣುತ್ತಿರುವವನು. ಬಾಗಲಕೋಟೆಯ ವಿದ್ಯಾಗಿರಿಯ ನಮ್ಮ ಓಣಿಯಲ್ಲಿ ಯಾರದಾದರೂ ಏನಾದರೂ ಕಳೆದರೆ ಸ್ಟೇಶನ್ನಿಗಿಂತ ಮೊದಲು ಈ ಕಟ್ಟೆಗೆ ಬರುತ್ತಾರೆ. ಸಂಗಯ್ಯನವರು ವಿಚಾರಣೆಗೆ ಹೊರಡುತ್ತಾರೆ. ಬೈಯುವುದಕ್ಕೆ ಜೊತೆಯಲ್ಲಿ ಒಬ್ಬರು ಬೇಕೆಂದು ನನ್ನನ್ನು ಕರೆದೊಯ್ಯುತ್ತಾರೆ.

"ಸದ್ದು ಹೆಂಗ ಕಳೀತೈತೋ ತಮ್ಮಾ? ನೀರು ಕುಡಿ. ಮೊದಲಿಂದ ಹೇಳು."

ಅಯೂಬನದು ಹಿಂದೆ ಮೈಕ್‌ಸೆಟ್ ಧಂದೆ. ಮದುವೆ, ಉರುಸು, ಚುನಾವಣೆ ಎಲ್ಲಕ್ಕೂ ಅವನದೇ ಸ್ಪೀಕರು. ಹೆಂಡತಿ ನರ್ಗೀಸ ತೀರಿಕೊಂಡ ಮೇಲೆ ಎಲ್ಲ ಮಾರಿಬಿಟ್ಟ. ಈಗ ಹುನಗುಂದದ ಚೇತನಕುಮಾರನನ್ನು ಜೊತೆ ಮಾಡಿಕೊಂಡು ಯೂಟ್ಯೂಬಿನಲ್ಲಿ ಇಯರ್‌ಫೋನುಗಳ ಗುಣದೋಷ ಹೇಳುತ್ತಾನೆ. ಕಿವಿಯೊಳಗೇ ಹೋಗಿ ಕೂರುವ, ಹಾಡುಗಾರರು ವೇದಿಕೆಯ ಮೇಲೆ ಹಾಕಿಕೊಳ್ಳುವಂಥವು. ಇನ್-ಇಯರ್ ಮಾನಿಟರ್ ಎಂದು ಅವಕ್ಕೆ ಹೆಸರು. ಅವುಗಳಲ್ಲೂ ನಡುವಿನ ಬೆಲೆಯವು ಮಾತ್ರ. "ಅಗ್ಗದ್ದು ಕೆಟ್ಟಿರತೈತಿ ಅಂತ ಎಲ್ಲಾರಿಗೂ ಗೊತ್ತು. ತುಟ್ಟೀದು ನಮ್ಮ ಮಂದಿ ತಗೊಳ್ಳೂದಿಲ್ಲ. ಮೋಸ ಇರೂದೆಲ್ಲಾ ನಡುವಿನ ರೇಟಿನ್ಯಾಗ," ಎನ್ನುವುದು ಅವನ ಮಾತು. ಯಾವ ಕಂಪನಿಯ ಮುಲಾಜೂ ಇಲ್ಲದೆ ಹೇಳುತ್ತಾನೆ. ಅದಕ್ಕೇ ಜನ ನಂಬುತ್ತಾರೆ.

ಪ್ರತಿ ಜೋಡಿಗೂ ಅವನದು ಒಂದೇ ಪರೀಕ್ಷೆ. ನರ್ಗೀಸ ಕೊನೆಯ ಸಲ ಇಳಕಲ್ಲಿನ ತವರಿಗೆ ಹೋದಾಗ ತಾಯಿಯ ಮಗ್ಗಕ್ಕೆ ಕೂತು ಸೀರೆ ನೇಯ್ದಿದ್ದಳು. ಅಯೂಬ ಒಳ್ಳೆಯ ಮೈಕು ಹಿಡಿದು ಅದನ್ನು ರೆಕಾರ್ಡ್ ಮಾಡಿದ್ದ. ಮಗ್ಗದ ಬಡಿತ ತೂಕವಾಗಿ ಬಂದರೆ ಬೇಸ್ ಸರಿ. ಅವಳು ಗುನುಗುವ ದನಿ ಹತ್ತಿರದಲ್ಲಿ ಕೇಳಿದರೆ ನಡುಸ್ವರ ಸರಿ. ಕೊನೆಯದು ಕಷ್ಟದ್ದು. ಲಾಳಿಯ ಹಗ್ಗ ಎಳೆದಾಗಲೆಲ್ಲ ಅವಳ ಕೈಯ ಗಾಜಿನ ಬಳೆ ಸಣ್ಣಗೆ ಘಲ್ಲೆನ್ನುತ್ತದೆ. ಅದು ಬಿಡಿಬಿಡಿಯಾಗಿ ಕೇಳಿದರೆ ಮಾತ್ರ ಟ್ರೆಬಲ್, ಅಂದರೆ ಮೇಲಿನ ಸಣ್ಣ ಸ್ವರ, ಪಾಸು. ಆ ರೆಕಾರ್ಡಿಂಗನ್ನು ಅವನು ಎಂದೂ ಬೇರೆಯವರಿಗೆ ಕೇಳಿಸಿದವನಲ್ಲ. ತಾನೊಬ್ಬನೇ ಕೇಳುವುದು, ಕೇಳಿದ್ದನ್ನು ವಿಡಿಯೊದಲ್ಲಿ ಹೇಳುವುದು.

ಆದರೆ ಹೋದ ವಾರ ಅವನ ಮನಸ್ಸು ಬದಲಾಗಿತ್ತು. ರೆಕಾರ್ಡಿಂಗನ್ನು ಎಲ್ಲರಿಗೂ ಹಂಚುತ್ತೇನೆ, ನಿಮ್ಮ ಕಿವಿಯಿಂದ ನೀವೇ ಪರೀಕ್ಷೆ ಮಾಡಿಕೊಳ್ಳಿ ಎಂದು ಸಾರಿಬಿಟ್ಟಿದ್ದ. ಹಂಚುವ ಮೊದಲು ಒಮ್ಮೆ ಕೇಳೋಣವೆಂದು ಗುರುವಾರ ಸಂಜೆ ಕೂತಿದ್ದಾನೆ. ಮಗ್ಗವಿದೆ. ಗುನುಗು ಇದೆ. ಬಳೆ ಇಲ್ಲ.

"ಇಯರ್‌ಫೋನ್ ಕೆಟ್ಟಿರಬೇಕು," ಎಂದೆ.

"ಮನ್ಯಾಗಿರೂ ಎಲ್ಲಾ ಜೋಡಿ ಹಾಕಿ ನೋಡೀನ್ರಿ ಮಾಸ್ತರ. ಮಂಗಳವಾರ ಕೇಳ್ಯಾವ, ಗುರುವಾರ ಇಲ್ಲ. ಅಸಲ್ ಫೈಲ್ ತಗದು ಕಳಪೆ ನಕಲು ಇಟ್ಟಾರ. ನಕಲಿನ್ಯಾಗ ಮೊದಲು ಸಾಯೂದು ಟ್ರೆಬಲ್."

"ಯಾರ ಮ್ಯಾಲೆ ಸಂಶಯ?" ಸಂಗಯ್ಯ ಕೇಳಿದರು.

"ಚೇತನ," ಎಂದ ಅಯೂಬ. "ಕಂಪನಿಯವರ ಜೋಡಿ ಜರಾ ಮೆತ್ತಗಿರೂಣು ಅಂತಾನ. ನಾ ಒಪ್ಪಲಿಲ್ಲ. ಹೋದ ವಾರ ಭಾಳ ಜಗಳ ಆತು. ಈ ಪರೀಕ್ಷಾನ ಇಲ್ಲಂದ್ರ ನಾ ಯಾವುದಕ್ಕೂ ಬ್ಯಾಡ ಅನ್ನಾಕ ಬರೂದಿಲ್ಲಲ್ರಿ?"

"ಮತ್ತ್ಯಾರು?"

"ಇಳಕಲ್ಲಿನ ಮತೀನ, ನರ್ಗೀಸನ ತಮ್ಮ. ಮಂಗಳವಾರ ಬಂದು ಕೂಗಾಡಿ ಹೋದ. ನಮ್ಮಕ್ಕನ ಬಳಿ ಸದ್ದು ಊರಿಗೆಲ್ಲಾ ಹಂಚ್ತೀಯೇನು ಅಂತ."

"ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೆ ಗೊತ್ತು?"

"ನನಗ, ಚೇತನಗ. ಅಷ್ಟರಿ."

"ಅಷ್ಟನ?"

"ಅಷ್ಟ. ನಾಳೆ ಸ್ಟೇಶನ್ನಿನ್ಯಾಗ ಅವನ ಹೆಸರು ಬರಸ್ತೇನಿ ಸಾಹೇಬ್ರ. ತಮ್ಮನಂಗ ಇದ್ದ. ನನ್ನ ಹೇಂತಿ ಅಂತ ಉಳದಿದ್ದು ಅದೊಂದ ಇತ್ತು. ಅದಕ್ಕ ಕೈ ಹಾಕ್ಯಾನ."

ಸಂಗಯ್ಯನವರು ಎದ್ದು ಹೆಗಲಿಗೆ ಟವೆಲ್ ಹಾಕಿಕೊಂಡರು. "ಒಂದು ದಿನ ತಡಿ. ಮೊದಲು ಆ ಫೈಲ್ ಕೇಳಸು."

ಅಯೂಬನ ಮನೆಯ ಮುಂದಿನ ಕೋಣೆಯೇ ಅವನ ಕಾರ್ಖಾನೆ. ಗೋಡೆಗೆ ದಪ್ಪ ಕೌದಿ ಹೊಡೆದಿದ್ದಾನೆ, ಹೊರಗಿನ ಸದ್ದು ಬರದಿರಲೆಂದು. ಮೇಜಿನ ತುಂಬ ರಬ್ಬರ್ ಟಿಪ್ಪುಗಳು, ಸಣ್ಣವು, ದೊಡ್ಡವು. ಟಿಪ್ಪು ಕಿವಿಗೆ ಸರಿಯಾಗಿ ಕೂರದಿದ್ದರೆ ಹತ್ತು ಸಾವಿರದ ಜೋಡಿಯೂ ತಗಡಿನ ಡಬ್ಬಿಯಂತೆ ಕೇಳುತ್ತದಂತೆ. ಸಂಗಯ್ಯನವರ ಕಿವಿಯ ಕೂದಲಿನ ನಡುವೆ ಟಿಪ್ಪು ಕೂರಿಸುವುದಕ್ಕೆ ಅಯೂಬ ಪಟ್ಟ ಪಾಡು ನೋಡಿ, ಅಂಥ ದುಃಖದಲ್ಲೂ ನಾನು ಬೇರೆ ಕಡೆ ಮುಖ ತಿರುಗಿಸಬೇಕಾಯಿತು.

ಅವರು ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನಾನು ಕೇಳಿದೆ. ಮಗ್ಗದ ಬಡಿತ ಎದೆಗೇ ತಾಗಿದಂತಿತ್ತು. ಅದರ ಮೇಲೆ ಒಬ್ಬ ಹೆಣ್ಣುಮಗಳ ಗುನುಗು. ಪದವಿಲ್ಲ, ಬರೀ ರಾಗ. ನಡುವೆ ಒಮ್ಮೆ ಮಗ್ಗ ನಿಂತಿತು, ಮತ್ತೆ ಸುರುವಾಯಿತು. ಬಳೆ ಎಲ್ಲೂ ಇರಲಿಲ್ಲ.

"ಖರೆ. ಬಳಿ ಇಲ್ಲ," ಎಂದರು ಸಂಗಯ್ಯ.

"ಇಲ್ಲ," ಎಂದೆ ನಾನೂ.

ಅಯೂಬ ತಲೆಯಾಡಿಸಿದ. ತನ್ನ ಮಾತು ನಿಜವಾಯಿತೆಂದು ಅವನಿಗೆ ಸಮಾಧಾನವೇನೂ ಆದಂತಿರಲಿಲ್ಲ.

ಮಗಳು ಸುಗರಾ ಚಹಾ ತಂದಳು. ಇಲ್ಲೇ ಕಾಲೇಜಿನಲ್ಲಿ ಓದುವ ಹುಡುಗಿ. ಬರಿಗೈ, ಬಾಡಿದ ಮುಖ. ರಾತ್ರಿಯೆಲ್ಲ ಅತ್ತವಳ ಕಣ್ಣು.

"ನೀ ಕೇಳಿ ನೋಡೀಯೇನವಾ ಇದನ್ನ?" ಸಂಗಯ್ಯ ಕೇಳಿದರು.

"ಅಬ್ಬಾ ಅದನ್ನ ಯಾರಿಗೂ ಕೊಡೂದಿಲ್ರಿ ಅಜ್ಜಾರ," ಎಂದಳು. ಕಪ್ಪು ಇಡುವಾಗ ಚಹಾ ತುಳುಕಿತು. "ಚೇತನ ಕಾಕಾನ್ನ ಪೋಲಿಸರು ಒಯ್ತಾರೇನ್ರಿ?"

"ತಪ್ಪು ಮಾಡಿದ್ರ ಒಯ್ತಾರ."

ಅವಳು ಒಳಗೆ ಹೋದಳು. ಸಂಗಯ್ಯನವರು ಫೈಲನ್ನು ಮೊಬೈಲಿಗೆ ಹಾಕಿಸಿಕೊಂಡು, ಅಯೂಬ ಕೊಟ್ಟ ಒಂದು ಜೋಡಿಯನ್ನು ಜುಬ್ಬಾದ ಕಿಸೆಗಿಳಿಸಿ, "ನಡೀರಿ ಮಾಸ್ತರ, ಬಸ್ಸು ತಪ್ಪತೈತಿ," ಎಂದರು.

ಹುನಗುಂದದಲ್ಲಿ ಕೋರ್ಟಿನ ಹಿಂದಿನ ಓಣಿಯಲ್ಲಿ ಚೇತನಕುಮಾರನ ಮನೆ. ಮೂವತ್ತೈದರ ಹುಡುಗ; ಮಾತಾಡಿಸುವ ಮೊದಲೇ ಅಪರಾಧಿಯಂತೆ ನಿಂತಿದ್ದ. ಅಯೂಬ ಫೋನಿನಲ್ಲಿ ಬೈದದ್ದು ಇನ್ನೂ ಮುಖದ ಮೇಲಿತ್ತು.

"ಜಗಳ ಆಗಿದ್ದು ಖರೆ ಸರ್. ಎಲ್ಲಾ ಜೋಡಿ ಬ್ಯಾಡ ಅಂದ್ರ ಚಾನೆಲ್ ನಡಿಯೂದಿಲ್ಲ ಅಂದಿದ್ದೆ."

"ಎಲ್ಲಾ ಜೋಡಿ ಬ್ಯಾಡ ಅಂತಾನೇನು ಅಂವ?"

"ಈಗೀಗ ಹಂಗೇನಿಲ್ರಿ. ಬೇಸ್ ಮಬ್ಬು, ದನಿ ದೂರ ಅಂತ ತಪ್ಪು ತಗೀತಾರ. ಮೊದಲು ಟ್ರೆಬಲಿಗೂ ಭಾಳ ಬೈತಿದ್ರು."

"ಆ ಫೈಲ್ ನೀ ಬದಲಿ ಮಾಡೀಯೇನು?"

"ಇಲ್ರಿ."

"ಪಾಸ್‌ವರ್ಡ್ ನಿನಗ ಗೊತ್ತೈತಲ್ಲ?"

"ಐತ್ರಿ. ಆದ್ರ ಅದು ನರ್ಗೀಸ ವೈನಿಯವರದು. ಅದನ್ನ ನಾ ಒಮ್ಮಿನೂ ತಗದಿಲ್ಲ. ಅಯೂಬಣ್ಣ ಅದನ್ನ ಕೇಳುಮುಂದ ನಾ ಹೊರಗ ಹೋಗಿ ನಿಲ್ತಿದ್ದೆ."

"ಹಂಗಾರ ಈಗ ಕೇಳು. ಏನೇನು ಕೇಳಸ್ತೈತಿ ಹೇಳು."

ಅವನು ಮೊದಲು ಒಲ್ಲೆನೆಂದ. ಸಂಗಯ್ಯನವರ ಮುಖ ನೋಡಿ ಹಾಕಿಕೊಂಡ. ಸ್ವಲ್ಪ ಹೊತ್ತಿನಲ್ಲೇ ಅವನ ಕಣ್ಣು ತುಂಬಿಬಂತು.

"ಯಾಕೋ?"

"ವೈನಿ ಎದುರಿಗೆ ಕೂತಂಗ ಐತ್ರಿ. ಬಳಿ ಎಷ್ಟ ಚೆಂದ ಕೇಳಸಾಕತ್ತಾವ."

"ಏನಂದಿ? — ಬಳಿ?"

"ಹೂನ್ರಿ. ಹಗ್ಗ ಎಳದಾಗೊಮ್ಮೆ. ನಡುವ ಮಗ್ಗ ನಿಲ್ತೈತಿ, ಆಗ್ಲೂ ಒಮ್ಮೆ ಘಲ್ ಅಂತಾವ. ಕಳದಾವ ಅಂದ್ರಲ್ಲ ಸರ್, ಎಲ್ಲಿ ಕಳದಾವ?"

ನನಗೆ ಸಿಟ್ಟು ಬಂತು. ನಮ್ಮಿಬ್ಬರನ್ನೂ ದಡ್ಡರೆಂದು ತಿಳಿದಿದ್ದಾನೆಯೇ? ಇಯರ್‌ಫೋನು ಕಸಿದು ಹಾಕಿಕೊಂಡೆ. ಮಗ್ಗ. ಗುನುಗು. ಬಳೆ ಇಲ್ಲ.

ಸಂಗಯ್ಯನವರು ಅಡುಗೆಮನೆಯ ಕಡೆ ಕೂಗಿ ಚೇತನನ ಹೆಂಡತಿ ನಾಗರತ್ನಾಳನ್ನು ಕರೆದರು. ಏನೂ ಹೇಳದೆ ಅವಳ ಕೈಗೆ ಜೋಡಿ ಕೊಟ್ಟರು. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಹಾಕಿಕೊಂಡಳು.

"ಯಾರೋ ಮಗ್ಗ ನೇಯಾಕತ್ತಾರ್ರಿ. ಕೈತುಂಬ ಬಳಿ ಇಟ್ಟಾರ."

"ಎಂಥಾ ಬಳಿ?"

"ಗಾಜಿನವು. ಸಣ್ಣವು. ಬಳಿ ಸದ್ದು ಹೆಂಗಸರಿಗೆ ಗೊತ್ತಾಗೂದಿಲ್ಲೇನ್ರಿ?"

ಹೊರಗೆ ಬಂದಾಗ ಸಂಗಯ್ಯನವರು ಬೇವಿನ ಗಿಡದ ಕೆಳಗೆ ನಿಂತುಬಿಟ್ಟರು.

"ಮಾಸ್ತರ, ನಾವಿಬ್ಬರೂ ಮುದುಕ್ರಾಗೇವಿ. ಸಣ್ಣ ಸದ್ದು ನಮ್ಮ ಕಿವಿಗೆ ಬರೂದು ಎಂದೋ ನಿಂತೈತಿ, ನಮಗ ಖಬರಿಲ್ಲ. ಅಯೂಬಂದೂ ಹಂಗ ಆಗೈತಿ."

"ಅವನಿಗಿನ್ನೂ ಅಷ್ಟು ವಯಸ್ಸೇನೈತ್ರಿ?"

"ಜನ್ಮಪೂರ್ತಿ ಸ್ಪೀಕರಿನ ಬಾಯಾಗ ಕೂತಾನ."

"ಹಂಗಾರ ಮುಗೀತಲ್ಲ. ಕಳವೇ ಆಗಿಲ್ಲ. ಹೋಗಿ ಹೇಳಿಬಿಡೂಣು."

"ಎಲ್ಲಿ ಮುಗೀತು? ಕಿವಿ ಒಂದ ದಿನದಾಗ ಹೋಗೂದಿಲ್ಲ. ಮಂಗಳವಾರ ಕೇಳಿದ ಬಳಿ ಗುರುವಾರ ಯಾಕ ಕೇಳ್ಲಿಲ್ಲ? ಮಂಗಳವಾರ ಅಂವ ಕೇಳಿದ್ದು ಏನು?"

ಇಳಕಲ್ಲಿನ ಬಸ್ಸು ಬಂತು. ಹತ್ತಿದೆವು.

ನರ್ಗೀಸನ ತಾಯಿ ರಂಜಾನಬಿಯವರ ಮನೆಯಲ್ಲಿ ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಹಳೆಯ ಮಗ್ಗ. ನರ್ಗೀಸ ಕೂತದ್ದು ಇದಕ್ಕೇ. ಈಗ ಅದರ ಮುಂದೆ ಮತೀನ ಕೂತಿದ್ದ. ನಮ್ಮನ್ನು ಕಂಡು ಲಾಳಿ ನಿಲ್ಲಿಸಿದ, ಎದ್ದು ಬರಲಿಲ್ಲ.

"ಹೌದ್ರಿ, ಜಗಳ ಮಾಡೀನಿ. ಇನ್ನೂ ಮಾಡ್ತೇನಿ. ಅಕ್ಕನ ದನಿ ಕಂಡಕಂಡವರ ಫೋನಿನ್ಯಾಗ ಯಾಕ ಇರಬೇಕು?"

"ಅದಕ್ಕ ನೀ ಅದನ್ನ ಅಳಿಸಿ ಬಂದೇನು?"

"ಅಳಿಸೂದಾ?" ಅವನು ನಮ್ಮನ್ನು ಹುಚ್ಚರನ್ನು ನೋಡಿದಂತೆ ನೋಡಿದ. "ನನಗೊಂದ್ಸಲ ಕೇಳಸು ಅಂತ ಕೇಳಿ ಕೇಳಿ ಸಾಕಾಗೈತ್ರಿ. ಭಾವ ಕೊಡವಲ್ಲ. ನಾ ಅಳಿಸಿದ್ರ ಮತ್ತ ಕೇಳೂದು ಯಾವಾಗ?"

ಅವನ ಸಿಟ್ಟಿನ ಒಳಗೆ ಏನಿತ್ತೆಂದು ಆಗ ಗೊತ್ತಾಯಿತು. ಸಂಗಯ್ಯನವರು ಕಿಸೆಯಿಂದ ಜೋಡಿ ತೆಗೆದು ಕೊಟ್ಟರು. ಮತೀನ ಗೋಡೆಯ ಕಡೆ ತಿರುಗಿ ಕೂತು ಕೇಳತೊಡಗಿದ.

ರಂಜಾನಬಿ ನಮಗೆ ಚಾಪೆ ಹಾಸಿ, ಬಂದವರಿಗೆಲ್ಲ ಹೇಳುವ ತಮ್ಮ ಗೋಳು ತೆಗೆದರು. ಮಗಳು ಹೋದಳು. ಮಗ ಸಿಡುಕ. ಮೊಮ್ಮಗಳು ಓದಿದವಳು, ಆದರೆ ಮಗ್ಗದ ರೀತಿ ಗೊತ್ತಿಲ್ಲ.

"ಸುಗರಾ ಮಗ್ಗಕ್ಕ ಕೂಡ್ತಾಳೇನ್ರಿ?" ನಾನು ಮಾತಿಗೆ ಕೇಳಿದೆ.

"ಎಲ್ಲೀದ್ರಿ. ಒಮ್ಮೆ ರಂಜಾನಿಗೆ ಬಂದಾಕಿ ಕೂತ್ಲು, ಹಿತ್ತಾಳಿ ಬಳಿ ಹಾಕ್ಕೊಂಡು. ಭಾಳ ಬೈದೆ. ಗಾಜಿನ ಬಳಿ ನುಣ್ಣಗಿರ್ತಾವ, ನಡೀತಾವ. ಲೋಹದ ಬಳಿ ಹಾಕ್ಕೊಂಡು ಯಾರಾದ್ರೂ ರೇಷ್ಮಿಗೆ ಕೂಡ್ತಾರೇನು? ಎಳಿ ಸಿಕ್ಕು ಹರೀತಾವ."

"ಆಕಿ ಏನಂದ್ಲು?" ಸಂಗಯ್ಯನವರ ದನಿ ಬದಲಾಗಿತ್ತು.

"ನೇಯೂದಿಲ್ಲ ನಾನಿ, ಬರೇ ಹಗ್ಗ ಎಳೀತೇನಿ ಅಂದ್ಲು. ಮಗ್ಗದ ಮ್ಯಾಲೆ ಫೋನ್ ಇಟ್ಕೊಂಡಿದ್ಲು. ಹುಡುಗಾಟ."

"ಯಾವ ರಂಜಾನು ಅವ್ವಾರ?"

"ಹೋದ ವರ್ಷದ್ದಲ್ಲ. ಅದರ ಹಿಂದಿಂದು."

ಹೊರಡುವಾಗ ಮತೀನ ಇನ್ನೂ ಗೋಡೆಯ ಕಡೆಗೇ ಮುಖ ಮಾಡಿ ಕೂತಿದ್ದ. ಸಂಗಯ್ಯನವರು ಅವನು ಕೇಳಿ ಮುಗಿಸುವವರೆಗೂ ಕಾದರು. ಎರಡು ಬಸ್ಸು ಹೋದವು.

ತಿರುಗಿ ಬರುವ ಬಸ್ಸಿನಲ್ಲಿ ನನಗೊಂದು ಕೆಲಸ ಬಿತ್ತು. ಅಯೂಬನ ಹಳೆಯ ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಬಳೆಯ ಬಗ್ಗೆ ಏನು ಹೇಳಿದ್ದಾನೆಂದು ಹೇಳಬೇಕು. ಅಮೀನಗಡದಲ್ಲಿ ಸಂಗಯ್ಯನವರು ಕಿಟಕಿಯಿಂದಲೇ ಕರದಂಟು ಕೊಂಡು ತಿನ್ನುತ್ತ ಕೂತರು. ನಾನು ಕಣ್ಣು ಕೆಂಪಾಗಿಸಿಕೊಂಡು ನೋಡಿದೆ.

"ಮೊದಮೊದಲು ಕೆಲವು ಪಾಸು, ಕೆಲವು ಫೇಲು," ಎಂದೆ. "ಆಮೇಲೆ ಫೇಲಾದದ್ದು ಹೆಚ್ಚಾಗ್ತಾ ಹೋಗ್ಯಾವ. ಒಂದು ಕಡೆ ಸಾಲಾಗಿ ಎಲ್ಲಾ ಫೇಲ್. ಈಗ ಬರೂ ಮಾಲೇ ಕೆಟ್ಟದ್ದು ಅಂತ ಬೈದಾನ."

"ಆಮ್ಯಾಲೆ?"

"ಆಮೇಲೆ ಎಲ್ಲಾ ಪಾಸು."

"ಎಲ್ಲಾನೂ?"

"ಎಲ್ಲಾ. ಬಳೆ ಎಷ್ಟು ದುಂಡಗೆ, ತುಂಬಿಕೊಂಡು ಕೇಳ್ತಾವ ಅಂತ ಹೊಗಳ್ಯಾನ. ಮೊದಲು ಸಣ್ಣಗೆ, ಸೂಜಿಯಂಗ ಅಂತಿದ್ದ."

"ಯಾವಾಗಿಂದ?"

ನಾನು ತಾರೀಖು ನೋಡಿದೆ. ರಂಜಾನಬಿ ಹೇಳಿದ ರಂಜಾನಿನ ಮರುತಿಂಗಳು.

ಸಂಗಯ್ಯನವರು ಕರದಂಟಿನ ಕಾಗದ ಮಡಿಚಿ ಕಿಸೆಗಿಟ್ಟರು. "ನಿಮ್ಮ ಸಾಲ್ಯಾಗ ಒಂದು ವರ್ಷ ಇಡೀ ಕ್ಲಾಸು ಪಾಸಾತಂದ್ರ ನಿಮಗೇನು ಸಂಶಯ ಬರ್ತಿತ್ತು ಮಾಸ್ತರ?"

"ಹುಡುಗರು ಶಾಣ್ಯಾ ಆಗ್ಯಾರ ಅಂತ ಅಂತೂ ಅಲ್ಲ," ಎಂದೆ. "ಪ್ರಶ್ನೆಪತ್ರಿಕೆ ಯಾರೋ ಬದಲಿಸ್ಯಾರ ಅಂತ."

ಹೇಳಿದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಬಾಗಲಕೋಟೆಯಲ್ಲಿ ಇಳಿದು ನೇರ ಅಯೂಬನ ಮನೆಗೆ ನಡೆದೆವು.

ಅಯೂಬ ಬಾಗಿಲಲ್ಲೇ ಕಾಯುತ್ತಿದ್ದ. "ಚೇತನ ಒಪ್ಪಿದನೇನ್ರಿ?"

"ಒಳಗ ನಡಿ. ಸುಗರಾನ್ನೂ ಕರಿ."

ಅವಳು ಬಂದು ಬಾಗಿಲ ಚೌಕಟ್ಟಿಗೆ ಆತು ನಿಂತಳು. ಸಂಗಯ್ಯನವರು ಅವಳನ್ನೇ ನೋಡಿದರು. "ನೀ ಹೇಳ್ತೀಯೋ ತಂಗಿ, ನಾ ಹೇಳ್ಲೋ?"

ಅಯೂಬ ಒಮ್ಮೆ ಮಗಳನ್ನು, ಒಮ್ಮೆ ಸಂಗಯ್ಯನವರನ್ನು ನೋಡಿದ.

"ಅಯೂಬ, ಪಾಸ್‌ವರ್ಡ್ ಯಾರಿಗೆ ಗೊತ್ತು ಅಂದಾಗ ನೀ ಮನ್ಯಾಗಿನವರನ್ನ ಲೆಕ್ಕಕ್ಕ ಹಿಡೀಲಿಲ್ಲ. ಯಾರೂ ಹಿಡಿಯೂದಿಲ್ಲ. ಈ ಫೈಲ್ ಕೇಳೀಯೇನವಾ ಅಂತ ಈಕಿನ್ನ ಕೇಳಿದೆ. ಕೇಳೀನಿ ಅನ್ನಲಿಲ್ಲ, ಕೇಳಿಲ್ಲ ಅನ್ನಲಿಲ್ಲ. ಅಬ್ಬಾ ಕೊಡೂದಿಲ್ಲ ಅಂದ್ಲು."

"ಸಾಹೇಬ್ರ, ಆಕಿಗ್ಯಾಕ—"

"ಪೂರಾ ಕೇಳು. ನಿನ್ನ ಕಂಪ್ಯೂಟರಿನ್ಯಾಗ ಈಗಿರೂದು ಅಸಲ್ ಫೈಲ್. ನರ್ಗೀಸಂದ. ಅದರಾಗ ಬಳಿ ಅದಾವ. ಚೇತನ ಕೇಳ್ಯಾನ, ಅವನ ಹೇಂತಿ ಕೇಳ್ಯಾಳ, ಮತೀನ ಕೇಳಿ ಅತ್ತಾನ. ಕೇಳಸದೆ ಇದ್ದಿದ್ದು ನನಗ, ಮಾಸ್ತರಗ, ನಿನಗ. ಮೂರೂ ಮಂದೀದು ಕಿವಿ ಹೋಗ್ಯಾವ ತಮ್ಮಾ. ಬೇಸ್ ಕೇಳ್ತಿ, ದನಿ ಕೇಳ್ತಿ. ಮ್ಯಾಲಿನ ಸಣ್ಣ ಸದ್ದು ನಿನಗ ಬರೂದಿಲ್ಲ."

ಅಯೂಬ ನಕ್ಕ. ನೋಡಲಾಗದಂಥ ನಗು. "ನನ್ನ ಕಿವಿ? ನನ್ನ ಕಿವಿ ಹೋಗಿದ್ರ ಮಂಗಳವಾರ ತನಕ ಹೆಂಗ ಕೇಳಿದ್ನಿ?"

"ಮಂಗಳವಾರ ತನಕ ನೀ ಕೇಳಿದ್ದು ಹಿತ್ತಾಳಿ ಬಳಿ."

ಕೌದಿ ಹೊಡೆದ ಆ ಕೋಣೆಯಲ್ಲಿ ಹೊರಗಿನ ಯಾವ ಸದ್ದೂ ಇರಲಿಲ್ಲ.

"ನೀ ಸಾಲಾಗಿ ಎಲ್ಲಾ ಜೋಡಿ ಫೇಲ್ ಮಾಡಿದಿ, ನೆನಪೈತೇನು? ಆಮ್ಯಾಲೆ ಬಳಿ ಪರೀಕ್ಷಾದಾಗ ಒಂದೂ ಫೇಲಾಗಲಿಲ್ಲ. ನಡುವಿನ ರೇಟಿನ್ಯಾಗ ಮೋಸ ಇರತೈತಿ ಅನ್ನೂವಗ ಟ್ರೆಬಲಿನ್ಯಾಗ ಒಂದೂ ಮೋಸದ್ದು ಸಿಗಲಿಲ್ಲ. ಎಲ್ಲಾರೂ ಪಾಸಾಗೂದು ಯಾವಾಗ? ಪರೀಕ್ಷಾನ ಹಗುರ ಆದಾಗ. ಆ ರಂಜಾನಿಗೆ ಈಕಿ ಇಳಕಲ್ಲಿಗೆ ಹೋಗಿ, ಹಿತ್ತಾಳಿ ಬಳಿ ಇಟ್ಟು ಅಜ್ಜಿ ಮಗ್ಗದ ಹಗ್ಗ ಎಳದಾಳ. ರೇಷ್ಮಿಗೆ ಲೋಹದ ಬಳಿ ಯಾರೂ ಹಾಕೂದಿಲ್ಲ. ಈಕಿ ಕೂತಿದ್ದು ನೇಯಾಕಲ್ಲ. ಆಕಿಗೆ ಸದ್ದು ಬೇಕಾಗಿತ್ತು, ನಿನಗ ಕೇಳಸೂವಂಥಾ ದಪ್ಪ ಸದ್ದು. ತಂದು ನರ್ಗೀಸನ ಫೈಲಿನ ನಕಲಿಗೆ ಕೂಡಿಸಿ, ಅದನ್ನ ಅಸಲಿನ ಜಾಗಾದಾಗ ಇಟ್ಟಾಳ. ಅಸಲ್ ಬಳಿ ಕದ್ದಾಕಿ ಸುಗರಾ. ಕದ್ದಿದ್ದು ಆಗ. ಬುಧವಾರ ಮಾಡಿದ್ದು ಅಸಲ್ ತಿರುಗಿ ಇಡೂ ಕೆಲಸ."

ಅಯೂಬ ಮೇಜು ಹಿಡಿದುಕೊಂಡು ಕೂತ. "ಸುಗರಾ?"

"ಹೂಂ ಅಬ್ಬಾ."

"ಇಷ್ಟು ದಿನ ನಾ ಕೇಳಿದ್ದು ನಿನ್ನ ಕೈ?"

"ಹೂಂ." ಅವಳು ಅಳುತ್ತಲೇ ಹೇಳಿದಳು. "ಆಗ ನೀವು ಊಟ ಬಿಟ್ಟಿದ್ರಿ. ನಿನ್ನ ಅಮ್ಮಿ ನನ್ನಿಂದ ದೂರ ಹೋಗಾಕತ್ತಾಳ ಅಂತಿದ್ರಿ. ನಾ ಕದ್ದು ಕೇಳಿದೆ, ಬಳಿ ಇದ್ವು. ಡಾಕ್ಟರ ಕಡೆ ಹೋಗೂಣು ಅಂದೆ, ಸೌಂಡಿನವಗ ಕಿವಿ ಡಾಕ್ಟರ ಯಾಕ ಅಂತ ಬೈದ್ರಿ. ಸದ್ದಿಗೆ ಸದ್ದು ಕೂಡಿಸೂದು ಕಾಕಾ ಕಲಿಸಿದ್ದ, ಕಾಲೇಜಿನ ಕೆಲಸಕ್ಕ ಅಂತ ಸುಳ್ಳು ಹೇಳಿ ಕಲತಿದ್ದೆ. ಅವತ್ತ ನೀವು ಕೇಳಿ, ಬಂದ್ಲು ಅಂತ ಅತ್ರಿ. ಊಟ ಮಾಡಿದ್ರಿ. ಮತ್ತ ಹೆಂಗ ಹೇಳ್ಲಿ?"

"ಈಗ್ಯಾಕ ತಗದಿ?"

"ಊರಿಗೆಲ್ಲಾ ಹಂಚ್ತೇನಿ ಅಂದ್ರಿ. ಅಮ್ಮಿ ಹೆಸರಿನ್ಯಾಗ ನನ್ನ ಬಳಿ ಮಂದಿ ಕೇಳಬಾರದು ಅನಿಸ್ತು. ನಿಮಗ ಗೊತ್ತಾಗತೈತಿ ಅಂತಾನೂ ಗೊತ್ತಿತ್ತು. ಕಾಕಾನ ಮ್ಯಾಲೆ ಬರತೈತಿ ಅಂತ ಗೊತ್ತಿರಲಿಲ್ಲ ಅಬ್ಬಾ. ಹೇಳಿದ್ರ ನಿಮ್ಮ ಪಾಲಿಗೆ ಅಮ್ಮಿ ಇನ್ನೊಮ್ಮೆ ಹೋಗ್ತಾಳ. ಹೇಳದಿದ್ರ ಕಾಕಾ ಹೋಗ್ತಾನ. ರಾತ್ರಿಯೆಲ್ಲಾ ಬಾಯಿ ಬರಲಿಲ್ಲ."

ಕಳ್ಳರನ್ನು ಹಿಡಿದಾಗ ಸಂಗಯ್ಯನವರ ಮುಖದಲ್ಲಿ ಒಂದು ಠೀವಿ ಬರುತ್ತದೆ. ಅವತ್ತು ಅವರು ತಲೆ ತಗ್ಗಿಸಿ ಕೂತಿದ್ದರು. ಹಿಡಿಯದೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ನನಗನ್ನಿಸಿತು. ಅವರಿಗೂ ಅನ್ನಿಸಿರಬೇಕು.

"ಗಾಜಿಗೂ ಹಿತ್ತಾಳಿಗೂ ಫರಕು ತಿಳೀಲಿಲ್ಲ ನನಗ," ಎಂದ ಅಯೂಬ, ತನಗೆ ತಾನೇ. "ಮದುವಿಯಾದಾಗಿಂದ ಕೇಳಿದ ಬಳಿ. ಅದರ ಫರಕು ತಿಳೀಲಿಲ್ಲ."

ಆಮೇಲೆ ಫೋನು ತೆಗೆದು ಚೇತನನಿಗೆ ಹಚ್ಚಿದ. "ಚೇತನಾ, ತಪ್ಪಾತೋ. ನನ್ನ ಕಿವೀದ ತಪ್ಪು, ನಿನ್ನ ಬೈದೆ." ಆ ಕಡೆಯಿಂದ ಅವನು ಏನೋ ಹೇಳಿದ. "ನಾಳೆ ಬಾ. ಕ್ಯಾಮೆರಾ ತಗೊಂಡು ಬಾ. ನನ್ನ ಮಾತು ನಂಬಿ ಎಷ್ಟ ಮಂದಿ ತಗೊಂಡಾರೋ. ಬಳಿ ಬಗ್ಗೆ ಹೇಳಿದ್ದೆಲ್ಲಾ ಸುಳ್ಳಾತು ಅಂತ ನಾನ ಹೇಳಬೇಕು. ಅದ ಕಡೀ ವಿಡಿಯೊ."

ಫೋನು ಕೆಳಗಿಟ್ಟು ಮಗಳನ್ನು ಕರೆದ. ಅವಳು ಹೆದರುತ್ತಲೇ ಹತ್ತಿರ ಬಂದಳು. ಅವನು ಅವಳ ಬರಿಗೈ ಹಿಡಿದುಕೊಂಡು ನೋಡಿದ.

"ಅದರಾಗ ಖರೇನ ಅದಾವೇನವಾ, ಅಮ್ಮಿ ಬಳಿ?"

"ಅದಾವ ಅಬ್ಬಾ."

"ನನಗ ಹೇಳು ಹಂಗಾರ."

ಮೇಜಿನ ಮೇಲಿನ ಒಂದು ಜೋಡಿಯನ್ನು ಎತ್ತಿಕೊಂಡ. ಒಂದನ್ನು ತನ್ನ ಕಿವಿಗೆ, ಇನ್ನೊಂದನ್ನು ಮಗಳ ಕಿವಿಗೆ ಇಟ್ಟ. ಟಿಪ್ಪು ಸರಿಯಾಗಿ ಕೂತಿದೆಯೇ ಎಂದು ಅಭ್ಯಾಸದಂತೆ ಒತ್ತಿ ನೋಡಿದ. ಆಮೇಲೆ ತನ್ನ ಅಂಗೈ ಅವಳ ಮುಂದೆ ಚಾಚಿದ.

ಸುಗರಾ ಫೈಲು ಹಚ್ಚಿದಳು. ಕಣ್ಣು ಮುಚ್ಚಿಕೊಂಡಳು. ಬಳೆ ಕೇಳಿದಾಗಲೆಲ್ಲ ತೋರುಬೆರಳಿನಿಂದ ಅವನ ಅಂಗೈಯನ್ನು ಮೆಲ್ಲಗೆ ಮುಟ್ಟತೊಡಗಿದಳು. ನಮಗೇನೂ ಕೇಳುತ್ತಿರಲಿಲ್ಲ. ಬೆರಳು ಏಳುವುದು ಬೀಳುವುದು ಮಾತ್ರ ಕಾಣುತ್ತಿತ್ತು. ಅಯೂಬ ಅಂಗೈಯನ್ನೇ ನೋಡುತ್ತಿದ್ದ.

ಒಂದು ಕಡೆ ಬೆರಳು ನಿಂತಿತು. ಸ್ವಲ್ಪ ಬಿಟ್ಟು ಒಮ್ಮೆ ಮಾತ್ರ, ತೀರ ಹಗುರವಾಗಿ ಮುಟ್ಟಿತು.

ಅಯೂಬ ತಲೆ ಎತ್ತಿದ. "ಇಲ್ಲಿ ಮಗ್ಗ ನಿಂತೈತಿ. ಮತ್ಯಾಕ ಮುಟ್ಟಿದಿ?"

"ಮಗ್ಗ ನಿಂತೈತಿ ಅಬ್ಬಾ. ಬಳಿ ಒಮ್ಮೆ ಅಂದ್ವು. ಅದ್ಯಾಕಂತ ನನಗೂ ಗೊತ್ತಿಲ್ಲ. ನಾ ಅಲ್ಲಿ ಹಿತ್ತಾಳಿ ಕೂಡಿಸಿರಲಿಲ್ಲ."

ಅವನ ಮುಖ ನಿಧಾನವಾಗಿ ಬದಲಾಯಿತು.

"ನನ್ನ ಕಡೆ ಕೈ ಬೀಸಿದ್ಲು," ಎಂದ. "ಮೈಕ್ ಹಿಡಕೊಂಡು ಎದುರಿಗೆ ಕೂತಿದ್ನಲ್ಲ. ಸಾಕು ಬಿಡ್ರಿ, ನಾಚಿಕಿ ಬರ್ತೈತಿ ಅಂತ ಹಗ್ಗ ಬಿಟ್ಟು ಹಿಂಗ ಕೈ ಬೀಸಿದ್ಲು. ನಾ ಬಿಡಲಿಲ್ಲ. ನಕ್ಕು ಮತ್ತ ಹಗ್ಗ ಹಿಡದ್ಲು." ಅವನು ಅಂಗೈ ಮಡಿಚಿಕೊಂಡ. "ಮರತಬಿಟ್ಟಿದ್ದೆ ನೋಡವಾ. ದಿನಾ ಟ್ರೆಬಲ್ ಟ್ರೆಬಲ್ ಅಂತ ಕೇಳಿ ಕೇಳಿ, ಅದನ್ನ ಮರತಬಿಟ್ಟಿದ್ದೆ."

ಸಂಗಯ್ಯನವರು ನನ್ನ ತೋಳು ಮುಟ್ಟಿದರು. ನಾವು ಸದ್ದಿಲ್ಲದೆ ಎದ್ದು ಬಾಗಿಲ ಹೊರಗೆ ಚಪ್ಪಲಿ ಹುಡುಕಿದೆವು.

"ಇನ್ನೊಮ್ಮೆ ಹಚ್ಚವಾ," ಎನ್ನುತ್ತಿದ್ದ ಅಯೂಬ.

ಸುಗರಾ ಮೂಗೊರೆಸಿಕೊಂಡು ಮೊದಲಿನಿಂದ ಹಚ್ಚಿದಳು. ಅಯೂಬ ಅಂಗೈಯನ್ನು ಮತ್ತೆ ಮುಂದೆ ಚಾಚಿದ.